ತೆರಿಗೆ ಬಿದ್ರೆ ಬೀಳಲಿ

ಪ್ರೀತಿಯ ಅಕ್ಕ,

ಇಲ್ಲಿ ಲಿಫ್ಟಿನಲ್ಲಿ ಸಿಕ್ಕವರು "ಚೆನ್ನಾಗಿದ್ದೀರಾ?" ಎನ್ನುವುದಿಲ್ಲ, "ನಿಮಗೆ ಇನ್ನೆಷ್ಟು ದಿನ ಉಳಿದಿದೆ?" ಎನ್ನುತ್ತಾರೆ. ಎಲ್ಲರೂ ನಮ್ಮಂತೆ ತೆರಿಗೆಗೆ ಹೆದರಿ, ತೆರಿಗೆಯಿಲ್ಲದ ಈ ದೇಶಕ್ಕೆ ಬಂದವರು. ವರ್ಷದಲ್ಲಿ ಗೊತ್ತುಪಡಿಸಿದಷ್ಟು ದಿನಕ್ಕಿಂತ ಹೆಚ್ಚು ಊರಲ್ಲಿದ್ದರೆ ಅಲ್ಲಿನ ತೆರಿಗೆ ಕಟ್ಟಬೇಕಲ್ಲ, ಅದಕ್ಕೆ ಈ ಲೆಕ್ಕ. ಮೇಲಿನ ಮನೆಯ ದಂತವೈದ್ಯರು ತಂಗಿಯ ಮದುವೆಯಲ್ಲಿ ಊಟಕ್ಕೂ ನಿಲ್ಲದೆ ವಿಮಾನ ಹತ್ತಿದರಂತೆ.

ನಮಗೆ ಈ ವರ್ಷ ಉಳಿದಿರುವುದು ಎರಡೇ ದಿನ. ನಿನ್ನ ಹೃದಯದ ಆಪರೇಷನ್ನಿಗೆ ಬಂದರೆ ಮೂರು ವಾರವಾದರೂ ನಿಲ್ಲಬೇಕು. ಇವರನ್ನು ಕೇಳಲು ಅಳುಕುತ್ತಿದ್ದೆ. ನಿನ್ನೆ ಇವರೇ ಷರ್ಟು ಇಸ್ತ್ರಿ ಮಾಡುತ್ತಾ, "ನಿಮ್ಮಕ್ಕ ಟೀಚರ್ ಸಂಬಳದಲ್ಲಿ ತೆರಿಗೆ ಕಟ್ಟಿ, ಮಿಕ್ಕಿದ್ದರಲ್ಲಿ ನಿನಗೆ ಎಂ.ಎ. ಓದಿಸಿದ್ರು. ತೆರಿಗೆ ಬಿದ್ರೆ ಬೀಳಲಿ, ಟಿಕೆಟ್ ತೆಗಿ" ಅಂದರು. ಆಮೇಲೆ, "ಹಾಗಂತ ಅವತ್ತು ತೆರಿಗೆ ವಿಷಯಕ್ಕೆ ನಿಮ್ಮಕ್ಕನ ಜೊತೆ ಆದ ವಾದದಲ್ಲಿ ನಾನು ಸೋತೆ ಅಂತ ಬರೀಬೇಡ. ದುಡಿಯೋನಿಗೆ ಇಷ್ಟು ತೆರಿಗೆ ಅನ್ಯಾಯಾನೇ!" ಎಂದರು. ಸರಿ, ಬರೆದಿಲ್ಲ. ಇವರ ಮೇಲೆ ಇಷ್ಟು ಮಮತೆ ಉಕ್ಕಿ ಬಹಳ ವರ್ಷಗಳಾಗಿದ್ದವು.

ಮುಂದಿನ ತಿಂಗಳು ಹತ್ತಕ್ಕೆ ಬರುತ್ತೇವೆ. ನನ್ನ ಬಿಪಿ ಹತೋಟಿಯಲ್ಲಿದೆ, ಆಸ್ಪತ್ರೆಯಲ್ಲಿ ನಿನ್ನ ಪಕ್ಕ ನಾನೇ ಮಲಗುತ್ತೇನೆ, ಭಾವ ಮನೆಯಲ್ಲಿರಲಿ. ಸರ್ಕಾರಿ ಆಸ್ಪತ್ರೆಯೆಂದು ಸಂಕೋಚಪಡಬೇಡ. ಮೂವತ್ತು ವರ್ಷ ತಿಂಗಳು ತಪ್ಪದೆ ತೆರಿಗೆ ಕಟ್ಟಿದ್ದೀಯ, ಅದು ನೀನು ಕಟ್ಟಿಸಿದ ಮನೆಯೇ.

ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿನ್ನ ತಂಗಿ