ಎಡಗಡೆ ಕುರ್ಚಿಯವರ ಮೇಲೊಂದು ಗುಮಾನಿ

ಆರನೇ ಮೇಜಿನಲ್ಲಿ ನನ್ನ ಎಡಗಡೆ ಕೂತಿದ್ದ ಮಹನೀಯರಿಗೆ,

ನಮಸ್ಕಾರ. ಹಡಗಿನ ನಿಮ್ಮ ಕೋಣೆಯ ಬಾಗಿಲಡಿ ಈ ಕಾಗದ ತಳ್ಳಿ ಓಡಿಹೋಗುವವಳು ನಾನೇ. ಕ್ಷೇಮವೇ ಎಂದು ಕೇಳುವ ಅಗತ್ಯವಿಲ್ಲ. ಮೂರು ಸಂಜೆಯಿಂದ ಕಂಬದ ಹಿಂದಿನ ಒಂಟಿ ಮೇಜಿನಲ್ಲಿ ಕೂತು ನಿಮ್ಮ ಕ್ಷೇಮವನ್ನು ನೋಡುತ್ತಲೇ ಇದ್ದೇನೆ. ನಿನ್ನೆ ನೀವು ಸೂಪನ್ನು ಅರ್ಧಕ್ಕೇ ಬಿಟ್ಟಿರಿ, ಮೀನಿನ ತಟ್ಟೆಯನ್ನು ಮುಟ್ಟದೆ ವಾಪಸ್ಸು ಕಳಿಸಿದಿರಿ. ಇಷ್ಟೆಲ್ಲ ಗಮನಿಸಿದ್ದಾಳಲ್ಲ ಎಂದು ಗಾಬರಿಯಾಗಬೇಡಿ. ಅದು ಪ್ರೀತಿಯಲ್ಲ, ಕಸುಬು.

ಆ ಕಸುಬೇನೆಂದು ಮೇಜಿನಲ್ಲಿ ನಾನು ಬಾಯಿ ಬಿಟ್ಟಿರಲಿಲ್ಲ. ನಿವೃತ್ತಿಯಾಗುವವರೆಗೆ ನಾನು ವಿಮಾ ಕಂಪನಿಯಲ್ಲಿ ಪರಿಹಾರದ ಅರ್ಜಿಗಳನ್ನು ತನಿಖೆ ಮಾಡುತ್ತಿದ್ದೆ. ಗೋದಾಮು ಸುಟ್ಟುಹೋಯಿತೆಂದು ಯಜಮಾನ ಎದೆ ಬಡಿದುಕೊಳ್ಳುತ್ತಾ ನಿಂತಿದ್ದರೆ, ಅವನ ಕಣ್ಣೀರು ಬಿಟ್ಟು ಬೂದಿ ನೋಡುವವಳು ನಾನು. ನೂರು ಹೊಲಿಗೆ ಯಂತ್ರ ಸುಟ್ಟಿದ್ದರೆ ಬೂದಿಯಲ್ಲಿ ಕಬ್ಬಿಣ ಸಿಗಬೇಕು. ಸಿಗದಿದ್ದರೆ ಆ ಯಂತ್ರಗಳು ಬೆಂಕಿಗೆ ಮುಂಚೆಯೇ ಲಾರಿ ಹತ್ತಿವೆ. ಇಂಥ ಕೆಲಸ ಮಾಡಿಕೊಂಡು ಬಂದವಳಿಗೆ ಬೀಳ್ಕೊಡುಗೆಯ ದಿನ ಹೂಗುಚ್ಛ ಕೊಟ್ಟರೆ, ಅದು ನಿನ್ನೆಯದೋ ಇವತ್ತಿನದೋ ಎಂದು ಎಸಳು ಮುಟ್ಟಿ ನೋಡುವ ಚಾಳಿ ಹೋಗುತ್ತದೆಯೇ? ನಿನ್ನೆಯದೇ ಆಗಿತ್ತು, ಬಿಡಿ. ಮದುವೆಯೂ ಒಂದು ಆಗಿತ್ತು. ಅವಧಿ ಮುಗಿಯಿತು, ಇಬ್ಬರೂ ನವೀಕರಿಸಲಿಲ್ಲ.

ಈ ಪ್ರಯಾಣದ ಟಿಕೆಟ್ಟು ಕೊಳ್ಳುವಾಗ ಏಜೆನ್ಸಿಯ ಹುಡುಗಿ, “ಮೇಡಂ, ನೀವು ಒಬ್ರೇ ಅಲ್ವಾ, ರಾತ್ರಿ ಊಟಕ್ಕೆ ಒಂಟಿ ಮೇಜು ಹಾಕ್ಲಾ, ಹಂಚಿಕೊಳ್ಳೋ ಮೇಜು ಹಾಕ್ಲಾ? ಆಮೇಲೆ ದಿನಾ ಅದೇ ಜಾಗ, ಅದೇ ಜನ” ಎಂದು ಕೇಳಿದಳು. ನಾನು ಒಂಟಿ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿದ್ದ ನನ್ನ ತಮ್ಮನ ಹೆಂಡತಿ ಮೂಗು ತೂರಿಸಿದಳು. “ಹಂಚಿಕೊಳ್ಳೋದೇ ಹಾಕಮ್ಮ. ನಮ್ಮಕ್ಕ ಒಬ್ರೇ ಕೂತು ಉಂಡ್ರೆ, ತಪಾಸಣೆಗೆ ಬಂದಿದ್ದಾರೆ ಅಂದ್ಕೊಂಡು ಅಡುಗೆಯವರ ಕೈ ನಡುಗುತ್ತೆ.” ನಾನೂ ನಕ್ಕೆ. ಆದರೆ ಹಂಚಿಕೆ ಎಂದರೆ ಪಾಲು ಮಾತ್ರವಲ್ಲ, ಸಂಚು ಕೂಡ ಎಂದು ಆಗಲೇ ತಲೆಯಲ್ಲಿ ಹುಳ ಬಿಟ್ಟುಕೊಂಡಿದ್ದೆ.

ಮೊದಲ ಸಂಜೆ ಆರನೇ ಮೇಜಿನಲ್ಲಿ ನನಗೆ ಸಿಕ್ಕವರು ಇಷ್ಟು ಜನ. ಬಲಕ್ಕೆ ನರ್ಸಮ್ಮ. ಆಸ್ಪತ್ರೆ ಬಿಟ್ಟು ವರ್ಷಗಳಾದರೂ ಯಾರು ಕೆಮ್ಮಿದರೂ ನಾಡಿಗೆ ಕೈ ಹಾಕುವವರು. ಎದುರಿಗೆ ಲಿಫ್ಟ್ ರಿಪೇರಿಯವರು. ಜೀವನವಿಡೀ ಜನರನ್ನು ಮೇಲೆತ್ತಿದ ಪುಣ್ಯಾತ್ಮರು ಸೂಪು ಬರುವುದರೊಳಗೆ ತಾವೇ ತೂಕಡಿಸುತ್ತಾ ಕೆಳಗಿಳಿಯುತ್ತಿದ್ದರು. ಎಡಕ್ಕೆ ನೀವು. ನೀಲಿ ಕೋಟು, ನೆರೆತ ಕೂದಲು, ಮತ್ತು ಎದುರಿನವರು ಮಾತಾಡುವಾಗ ತಲೆಯನ್ನು ಒಂದಿಷ್ಟು ವಾಲಿಸಿ ನೋಡುವ ಆ ನೋಟ. ಕೂತ ಕೂಡಲೇ ನನ್ನ ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆಳೆದು, “ಹೀಗೆ ಕೂತ್ರೆ ದೀಪ ಕಣ್ಣಿಗೆ ಹೊಡೆಯಲ್ಲ” ಎಂದಿರಿ. ಹೊಡೆಯಲಿಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಬಂದದ್ದು ಮರುದಿನ. ನರ್ಸಮ್ಮನಿಗೆ ಚಳಿಯಾಗುತ್ತದೆಂದು ಅವರ ಶಾಲು ತರಲು ನೀವೇ ಎದ್ದು ಹೋದಿರಿ ನೋಡಿ, ಆಗ ಅವರು ನನ್ನ ಕಿವಿಯ ಹತ್ತಿರ ಬಂದರು. ಹಡಗು ಪ್ರಯಾಣದಲ್ಲಿ ಪಳಗಿದವರಲ್ಲವೇ. “ನೋಡಮ್ಮ, ಒಂಟಿಯಾಗಿ ಬರೋ ಹೆಂಗಸರಿಗೆ ಬೇಜಾರಾಗ್ಬಾರ್ದು ಅಂತ ಹಡಗಿನವರೇ ಒಂದಿಬ್ರು ಗಂಡಸರನ್ನ ಇಟ್ಟಿರ್ತಾರೆ. ಊಟಕ್ಕೆ ಜೊತೆ ಕೂರ್ತಾರೆ, ಡ್ಯಾನ್ಸಿಗೆ ಕೈ ಕೊಡ್ತಾರೆ. ನೋಡಿದ್ರೆ ನಮ್ಮ ಹಾಗೇ ಟಿಕೆಟ್ ತಗೊಂಡು ಬಂದವರ ಥರ ಇರ್ತಾರೆ.”

“ಕೈ ಕೊಡೋದು ಗಂಡಸರಿಗೆ ಹೊಸದೇನಲ್ವಲ್ಲ ನರ್ಸಮ್ಮ, ಅದಕ್ಕೆ ಸಂಬಳ ಬೇರೆ ಕೊಡ್ತಾರಾ?” ಎಂದೆ. ಅವರು ನಕ್ಕ ರಭಸಕ್ಕೆ ಲಿಫ್ಟಿನವರು ಎಚ್ಚರವಾದರು. ಶಾಲು ಹಿಡಿದು ಬಂದ ನೀವು, “ಏನು ಜೋಕು, ನಂಗೂ ಹೇಳಿ” ಎಂದಿರಿ. ಜೋಕು ನೀವೇ ಎಂದು ಹೇಳಲಾಗಲಿಲ್ಲ.

ಅಲ್ಲಿಂದ ನಿಮ್ಮ ಮೇಲೆ ನನ್ನ ತನಿಖೆ ಶುರು. ನಿಮ್ಮ ಕೋಟಿನ ನೀಲಿ, ಬಡಿಸುವವರ ಕೋಟಿನ ನೀಲಿಗೆ ಸ್ವಂತ ಅಣ್ಣ. ಬಡಿಸುವವರೆಲ್ಲ ನಿಮ್ಮನ್ನು ಕಂಡರೆ ಹಲ್ಲು ಬಿಡುತ್ತಾರೆ. ಸಂಗೀತ ಶುರುವಾದರೆ ನರ್ಸಮ್ಮನ ಜೊತೆ ಒಂದು ಸುತ್ತು, ಹನ್ನೊಂದನೇ ಮೇಜಿನ ಎತ್ತರದ ಹೆಂಗಸಿನ ಜೊತೆ ಇನ್ನೊಂದು ಸುತ್ತು, ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ಏನು ಕೆಲಸದಲ್ಲಿದ್ದಿರಿ ಎಂದು ಕೇಳಿದರೆ “ಜನರ ಜೊತೆಗಿನ ಕೆಲಸ” ಎಂದು ಮಾತು ತೇಲಿಸಿದಿರಿ. ಸಮುದ್ರದ ಮೇಲೆ ತೇಲಿಸುವುದಕ್ಕೇನು ಕಷ್ಟ. ನನ್ನ ಕಡೆಗೂ ಕೈ ಚಾಚಿ “ಬರ್ತೀರಾ, ಒಂದು ಸುತ್ತು?” ಎಂದಿರಿ. ಮಂಡಿ ಒಪ್ಪುವುದಿಲ್ಲ ಎಂದೆ. “ಹಾಗಾದ್ರೆ ಕೂತೇ ಇರೋಣ” ಎಂದು ಸಂಗೀತ ಮುಗಿಯುವವರೆಗೂ ನನ್ನ ಪಕ್ಕದಲ್ಲೇ ಕೂತಿರಿ. ಪಾಪ, ಓವರ್‌ಟೈಮು ಎಂದುಕೊಂಡೆ.

ಬಲೆ ಬೀಸಿದ್ದೂ ಉಂಟು. ಒಂದು ಸಂಜೆ ನನಗೆ ಬೆಕ್ಕೆಂದರೆ ಪ್ರಾಣ ಎಂದೆ. ಎರಡು ದಿನ ಬಿಟ್ಟು, ಬೆಕ್ಕು ಕಂಡರೆ ಸೀನು ಬಂದು ಆಸ್ಪತ್ರೆ ಸೇರುತ್ತೇನೆ ಎಂದೆ. ಸುಮ್ಮನೆ ಜೊತೆಗೆ ಉಣ್ಣುವವರಿಗೆ ಇಂಥದ್ದು ನೆನಪಿರುವುದಿಲ್ಲ. ಕೇಳಿದ್ದನ್ನು ನೆನಪಿಟ್ಟುಕೊಳ್ಳಲು ಸಂಬಳ ಪಡೆಯುವವರಿಗಿರುತ್ತದೆ. ನೀವು ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ, “ಮೊನ್ನೆ ಬೆಕ್ಕು ಇಷ್ಟ ಅಂದ್ರಿ, ಇವತ್ತು ಸೀನು ಬರುತ್ತೆ ಅಂತೀರಿ. ಇಷ್ಟ ಇದ್ದದ್ದಕ್ಕೇ ತಾನೇ ಸೀನು ಬರೋದು, ಬಿಡಿ” ಎಂದಿರಿ. ಸಿಕ್ಕಿಬಿದ್ದಿರಿ ಎಂದು ಒಳಗೊಳಗೇ ಹಿಗ್ಗಿದೆ. ಆ ಹಿಗ್ಗು ಪತ್ತೆ ಹಚ್ಚಿದ್ದಕ್ಕೆ ಮಾತ್ರವಾಗಿರಲಿಲ್ಲ ಎನ್ನುವುದು ಬೇರೆ ಮಾತು.

ಆಮೇಲೆ ಆ ಸಂಜೆ. ನರ್ಸಮ್ಮ ಬೇಗ ಎದ್ದಿದ್ದರು, ಲಿಫ್ಟಿನವರು ನೆಲಮಾಳಿಗೆ ತಲುಪಿದ್ದರು. ನಾನು ಏನೋ ತಮಾಷೆ ಮಾಡಲು ಹೋಗಿ, ಬಾಯಿ ತಪ್ಪಿ ನಿಜ ಹೇಳಿಬಿಟ್ಟೆ. ನಮ್ಮ ಮನೆಯ ಊಟದ ಮೇಜಿನ ಮೇಲೆ ಇಸ್ತ್ರಿಯಾಗಬೇಕಾದ ಬಟ್ಟೆಗಳ ರಾಶಿ ಇದೆ, ನಾನು ಅಡುಗೆ ಕಟ್ಟೆಯ ಹತ್ತಿರ ನಿಂತೇ ಉಂಡು ಮುಗಿಸುತ್ತೇನೆ, ತಟ್ಟೆ ಕೂಡ ಇಟ್ಟುಕೊಳ್ಳುವುದಿಲ್ಲ, ಪಾತ್ರೆಯಲ್ಲೇ ಚಮಚ ಹಾಕುತ್ತೇನೆ ಎಂದೆ. ನೀವು ನಗುತ್ತೀರಿ ಎಂದುಕೊಂಡಿದ್ದೆ. ನಗಲಿಲ್ಲ. “ಇಲ್ಲಾದ್ರೂ ಕೂತು ಉಣ್ಣಿ. ನಿಮ್ಮದು ಮುಗಿಯೋ ತನಕ ನಾನು ಏಳಲ್ಲ” ಎಂದಿರಿ. ಬೇಕೆಂದೇ ನಿಧಾನ ಮಾಡಿದೆ. ಮೇಜುಗಳ ಬಟ್ಟೆ ಬದಲಾಯಿಸುವವರು ಬಂದು ಸುತ್ತ ನಿಂತರೂ ನೀವು ಏಳಲಿಲ್ಲ. ನನ್ನ ಕೋಣೆಗೆ ಕಿಟಕಿಯಿಲ್ಲ, ಗೊತ್ತಲ್ಲ. ಅವತ್ತು ಆ ಗೋಡೆ ನೋಡುತ್ತಲೇ ಸಮುದ್ರ ಕಂಡವಳ ಹಾಗೆ ಮಲಗಿದೆ.

ಬೆಳಿಗ್ಗೆ ತಿಂಡಿಗೆ ಬಂದರೆ, ನೀವು ಗಾಲಿಕುರ್ಚಿಯಲ್ಲಿದ್ದ ಒಬ್ಬ ಅಜ್ಜಿಯ ಮುಂದೆ ಮಂಡಿಯೂರಿ ಕೂತಿದ್ದಿರಿ. ಅದೇ ವಾಲಿಸಿದ ತಲೆ, ಅದೇ ನೋಟ. “ನಿಧಾನಕ್ಕೆ ತಿನ್ನಿ ಅಜ್ಜಿ, ನಾನೆಲ್ಲೂ ಹೋಗಲ್ಲ” ಎಂದದ್ದು ಕಿವಿಗೆ ಬಿತ್ತು. ಹೊಲಿಗೆ ಯಂತ್ರದ ಕಬ್ಬಿಣ ಬೂದಿಯಲ್ಲಿ ಸಿಗದಿದ್ದಾಗ ನಾನು ಕಡತ ಮುಚ್ಚಿಬಿಡುತ್ತಿದ್ದೆ. ಇದನ್ನೂ ಮುಚ್ಚಿದೆ. ನೇರವಾಗಿ ಊಟದ ಹಾಲಿನ ಮೇಲ್ವಿಚಾರಕರ ಹತ್ತಿರ ಹೋಗಿ ಒಂಟಿ ಮೇಜು ಬೇಕೆಂದೆ. ಕಾರಣ ಕೇಳಿದರು. ನರ್ಸಮ್ಮ ನಾಡಿ ಹಿಡಿದರೆ ನನಗೆ ಕಚಗುಳಿ ಎಂದೆ.

ಕಂಬದ ಹಿಂದಿನ ಮೇಜಿಗೆ ಒಂದೇ ಕುರ್ಚಿ. ಅಲ್ಲಿ ಕೂತರೆ ಉಪ್ಪು ಕೊಡಿ ಎನ್ನಬೇಕಿಲ್ಲ, ಉಪ್ಪಿನ ಡಬ್ಬಿ ಪೂರ್ತಿ ನನ್ನದೇ. ಊಟ ಬೇಗ ಮುಗಿಯುತ್ತಿತ್ತು. ನೆಮ್ಮದಿಯೆಂದು ನನಗೆ ನಾನೇ ಹೇಳಿಕೊಂಡೆ. ನನ್ನ ಹಳೆಯ ಕುರ್ಚಿಯ ಮೇಲೆ ನರ್ಸಮ್ಮ ಕೈಚೀಲ ಇಟ್ಟರು, ನೀವು ಅದನ್ನೆತ್ತಿ ಕೆಳಗಿಟ್ಟಿರಿ. ಆಮೇಲೆ ಕಂಬದ ಕಡೆ ತಿರುಗಿ ನನಗೊಂದು ನಮಸ್ಕಾರ ಹಾಕಿದಿರಿ. ಅದೆಂಥ ನಮಸ್ಕಾರ ಎಂದು ತಲೆ ಕೆಡಿಸಿಕೊಂಡೆ. ಕೋಪವಿಲ್ಲ, ಪ್ರಶ್ನೆಯಿಲ್ಲ. ಪಾಳಿ ಮುಗಿಸಿ ಊಟಕ್ಕೆ ಕೂತ ಸಹೋದ್ಯೋಗಿಗೆ ಹಾಕುವ ಹಾಗಿತ್ತು.

ತಡೆಯಲಾಗದೆ ಇವತ್ತು ಬೆಳಿಗ್ಗೆ ಮೇಲ್ವಿಚಾರಕರನ್ನು ಹಿಡಿದೆ. ಆರನೇ ಮೇಜಿನ ಆ ನೀಲಿ ಕೋಟಿನವರಿಗೆ ನೀವು ಕೊಡುವ ಸಂಬಳ ಎಷ್ಟು ಎಂದು ಮುಖಕ್ಕೆ ಕೇಳಿದೆ. ಮನುಷ್ಯ ಕೈಯಲ್ಲಿದ್ದ ತಟ್ಟೆಗಳನ್ನು ಕೆಳಗಿಟ್ಟು ನಕ್ಕರು.

“ಕ್ಷಮಿಸಿ ಮೇಡಂ, ನಗಬಾರದು. ಅಂಥವರು ಇಬ್ರು ಇದ್ದಾರೆ ನಿಜ. ಒಬ್ಬರಿಗೆ ಹಲ್ಲುನೋವು, ಕೆನ್ನೆ ಊದಿದೆ. ಇನ್ನೊಬ್ಬರು ಅಲೆ ತಡೀಲಾರದೆ ಎರಡನೇ ದಿನದಿಂದ ಬಕೆಟ್ ಪಕ್ಕದಲ್ಲೇ ಮಲಗಿದ್ದಾರೆ. ನೀವು ಹೇಳ್ತಿರೋರು ಟಿಕೆಟ್ ತಗೊಂಡು ಬಂದವರು. ಅದಿರಲಿ, ನೀವು ಮೇಜು ಬದಲಾಯಿಸೋಕೆ ಮುಂಚೆ ಅವರೂ ನನ್ನ ಹತ್ರ ಬಂದು ಇದನ್ನೇ ಕೇಳಿದ್ರು, ನಿಮ್ಮ ಬಗ್ಗೆ.”

ನನ್ನ ಬಗ್ಗೆ.

“ಆ ಮೇಡಂ ನಿಮ್ಮ ಕಡೆಯವರಾ? ದಿನಾ ಹೊಸ ಜೋಕು, ದಿನಾ ಬೇರೆ ಕತೆ, ಮೊನ್ನೆ ಬೆಕ್ಕು ಇಷ್ಟ, ಇವತ್ತು ಸೀನು. ಮೇಜು ನಗಿಸೋಕೆ ಅಂತ ಇಟ್ಕೊಂಡಿದ್ದೀರಾ ಹೇಗೆ? ಸಂಬಳಕ್ಕೆ ನಗಿಸೋರಾದ್ರೆ ನಾನು ಮೈಮೇಲೆ ಬಿದ್ದು ಮಾತಾಡಿಸ್ಬಾರ್ದು ನೋಡಿ, ಅವರಿಗೆ ಬೇಡ ಅನ್ನೋಕೂ ಆಗಲ್ಲ” ಎಂದಿರಂತೆ. ನಾನು ಕಂಬದ ಹಿಂದೆ ಹೋದ ಸಂಜೆ, “ಸರಿ, ಗೊತ್ತಾಯ್ತು, ಅವರ ಡ್ಯೂಟಿ ಇಲ್ಲಿಗೆ ಮುಗೀತು” ಎಂದು ನೀವೇ ತೀರ್ಮಾನಿಸಿದಿರಂತೆ. ಮೇಲ್ವಿಚಾರಕರು ಅಲ್ಲವೆಂದು ಹೇಳಿದರೂ ನೀವು ನಂಬಲಿಲ್ಲವಂತೆ. ಅವರು ಹಾಗನ್ನಲೇಬೇಕಲ್ಲ ಎಂದಿರಂತೆ.

ನಾನು ವಿಮಾ ಕಂಪನಿಯಲ್ಲಿ ದುಡಿದದ್ದು ವ್ಯರ್ಥ. ನನ್ನಂಥದೇ ಇನ್ನೊಂದು ತಲೆ ಎಡಗಡೆಯೇ ಕೂತಿದ್ದರೂ ಪತ್ತೆ ಹಚ್ಚಲಿಲ್ಲ. ನನ್ನ ಜೋಕುಗಳೆಲ್ಲ ನಿಮ್ಮನ್ನು ವಿಚಾರಣೆ ಮಾಡಲು ಹಾಕಿದ ಮುಸುಕು, ನಿಮಗೆ ಅವು ನನ್ನ ಕೂಲಿಯ ಕೆಲಸವಾಗಿ ಕಂಡವು. ನಾನು ಬೀಸಿದ ಬಲೆಯೇ ನನ್ನ ಮೇಲಿನ ಸಾಕ್ಷಿಯಾಯಿತು.

ನರ್ಸಮ್ಮನನ್ನು ವಿಚಾರಿಸಿದೆ. “ಅಯ್ಯೋ, ಅವರು ಫೋಟೋ ಸ್ಟುಡಿಯೋ ಇಟ್ಕೊಂಡಿದ್ರಂತಮ್ಮ. ಹೇಳಿದ್ರೆ ಎಲ್ರೂ ಫೋನು ಕೈಗೆ ಕೊಟ್ಟು ಒಂದು ತೆಗೀರಿ ಅಂತಾರಂತೆ, ಅದಕ್ಕೇ ಬಾಯಿ ಬಿಡಲ್ಲ” ಎಂದರು. ಹಾಗಾದರೆ ಆ ವಾಲಿದ ತಲೆ, ದೀಪ ಕಣ್ಣಿಗೆ ಹೊಡೆಯದ ಹಾಗೆ ಕುರ್ಚಿ ಎಳೆದದ್ದು, ಕೂತವರ ಮುಖ ಸಡಿಲವಾಗುವವರೆಗೆ ಕಾಯುವುದು, ಎಲ್ಲವೂ ತಾಳೆಯಾಗುತ್ತದೆ.

ತಾಳೆಯಾಗುತ್ತದೆ ಎನ್ನುವುದೇ ನನ್ನ ತೊಂದರೆ. ಎಲ್ಲ ಹೇಳಿಕೆಗಳೂ ಹೀಗೆ ಸರಿಯಾಗಿ ಕೂಡಿಬಂದರೆ ನಮ್ಮ ಕಚೇರಿಯಲ್ಲಿ ಅಂಥ ಅರ್ಜಿಯನ್ನೇ ಮೊದಲು ಪಕ್ಕಕ್ಕೆತ್ತಿಡುತ್ತಿದ್ದೆವು. ಮೇಲ್ವಿಚಾರಕರು ಹಡಗಿನ ಸಂಬಳ ತಿನ್ನುವವರು. ನರ್ಸಮ್ಮನಿಗೆ ಹೇಳಿದವರು ನೀವೇ. ಹಲ್ಲುನೋವಿನವರನ್ನು ನಾನು ಕಣ್ಣಾರೆ ಕಂಡಿಲ್ಲ. ಮಧ್ಯಾಹ್ನವೆಲ್ಲ ಮಂಚದ ಮೇಲೆ ಕೂತು ನಿಮ್ಮನ್ನು ಸಿಕ್ಕಿಸಲು ಇನ್ನೊಂದು ಉಪಾಯ ಹೊಸೆದೆ. ನಾಳೆ ಬೆಳಿಗ್ಗೆ ಹಡಗು ದಡ ಮುಟ್ಟುತ್ತದೆ. ಬಂದರಿನ ಗೇಟು ದಾಟಿದ ಮೇಲೆ ಹಡಗಿನ ಸಂಬಳ ನಡೆಯುವುದಿಲ್ಲ. ಗೇಟಿನಾಚೆ ಯಾವುದಾದರೂ ಹೋಟೆಲಿನಲ್ಲಿ ಚಹಾಕ್ಕೆ ಕರೆದು, ಬರುತ್ತೀರೋ ಇಲ್ಲವೋ ನೋಡಿದರೆ ನಿಜ ಹೊರಬೀಳುತ್ತದೆ. ಎಷ್ಟು ಚೆಂದದ ತನಿಖೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಳ್ಳಲು ಹೊರಟೆ.

ಆಗ ಅನ್ನಿಸಿತು: ನಾಳೆ ಸಾಕ್ಷಿ ಸಿಗುವವರೆಗೆ ಇವತ್ತಿನ ಊಟವನ್ನು ನಾನು ಮತ್ತೆ ಕಂಬದ ಹಿಂದೆ ಉಣ್ಣಬೇಕು. ಹಡಗಿನ ಕೊನೆಯ ಊಟ ಇದು. ನೀವು ಮತ್ತೆ ಸೂಪು ಅರ್ಧಕ್ಕೇ ಬಿಡುತ್ತೀರಿ, ನಾನು ಅದನ್ನು ದೂರದಿಂದ ಗಮನಿಸುತ್ತೇನೆ, ಇಬ್ಬರೂ ಜಾಣರಾಗಿ ದಡ ಸೇರುತ್ತೇವೆ. ನನ್ನ ಸರ್ವೀಸಿನಲ್ಲಿ ಪುರಾವೆ ಇಲ್ಲದ ಒಂದೇ ಒಂದು ಅರ್ಜಿಗೂ ನಾನು ರುಜು ಹಾಕಿಲ್ಲ. ಎಷ್ಟು ಜನರ ಕಣ್ಣೀರು ನಿಜವಾಗಿತ್ತೋ ನನಗೆ ಗೊತ್ತಾಗಲೇ ಇಲ್ಲ, ನಾನು ಬೂದಿ ಕೆದಕುತ್ತಿದ್ದೆ.

ಆದ್ದರಿಂದ ಮೇಲ್ವಿಚಾರಕರಿಗೆ ಹೇಳಿಯಾಗಿದೆ. ಇವತ್ತು ಸಂಜೆ ನಾನು ಆರನೇ ಮೇಜಿಗೆ ಬರುತ್ತೇನೆ. ನೀವು ಫೋಟೋದವರೋ, ಹಡಗಿನವರೋ, ಎರಡೂ ಅಲ್ಲದ ಇನ್ಯಾರೋ, ನಾನು ಕೇಳುವುದಿಲ್ಲ. ನೀವೂ ಏನನ್ನೂ ತೋರಿಸಿ ರುಜುವಾತು ಮಾಡಬೇಡಿ. ಹೊಸ ಜೋಕು ಯಾವುದೂ ಕೈಯಲ್ಲಿಲ್ಲ, ಖಾಲಿ ಬಾಯಲ್ಲಿ ಬರುತ್ತಿದ್ದೇನೆ. ನೀವು ನನ್ನನ್ನು ನಂಬದೆ ಎದ್ದು ಹೋದರೆ ಅದೂ ನ್ಯಾಯವೇ. ಆದರೆ ನನ್ನದು ಮುಗಿಯುವ ತನಕ ದಯವಿಟ್ಟು ಏಳಬೇಡಿ. ನಾನು ನಿಧಾನಕ್ಕೆ ಉಣ್ಣುತ್ತೇನೆ.

ಹಡಗು ಹೊಯ್ದಾಡದಿರಲಿ, ನಿಮ್ಮ ಹಸಿವು ಹಿಂದಿರುಗಲಿ.

ಇಂತಿ,
ಇವತ್ತಿನ ಮಟ್ಟಿಗೆ ನಿಮ್ಮನ್ನು ನಂಬಿದವಳು