ಬೆನ್ನು ತಿರುಗಿಸಿ ನಿಂತ ಕಛೇರಿ

ಹುಣಸೂರು
೨೧ ನವೆಂಬರ್ ೧೯೯೯

ಪ್ರೀತಿಯ ಶಾಂತಲಾ,

ನಿನ್ನ ಕಾಗದ ದೀಪಾವಳಿಗೇ ಬಂತು. ಮಕ್ಕಳ ಸಂಗೀತ ಪರೀಕ್ಷೆಯ ಗಡಿಬಿಡಿಯಲ್ಲಿ ಉತ್ತರ ತಡವಾಯಿತು, ಬೈಕೋಬೇಡ ಕಣೇ. ಮಗಳು ರಮ್ಯಾಳ ಜ್ವರ ಇಳಿಯಿತೇ?

ಪಿರಿಯಾಪಟ್ಟಣದ ಕಛೇರಿ ಹೇಗಾಯಿತು ಎಂದು ಕೇಳಿದ್ದೀ. ಮೊದಲು ಸ್ವಲ್ಪ ಹೊತ್ತು ನನ್ನ ಶಿಷ್ಯೆಯರ ವಾದ್ಯವೃಂದ, ಆಮೇಲೆ ಹಿರಿಯ ವಿದ್ವಾಂಸರೊಬ್ಬರ ಗಾಯನ, ಅದಕ್ಕೆ ನನ್ನ ಪಿಟೀಲು ಎಂದು ನಿಗದಿಯಾಗಿತ್ತು. ಆ ಸಂಜೆ ಕಛೇರಿ ಏರ್ಪಡಿಸಿದ್ದ ಸಂಘದ ನಂಜಣ್ಣ ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಬಂದರು.

"ಎಂಗಸ್ರು ಪಿಟೀಲು ಹಿಡ್ಕೊಂಡು ಪಕ್ಕದಲ್ಲಿ ಕೂತ್ರೆ ಅವರು ಹಾಡಾಕಿಲ್ವಂತೆ ಕಣವ್ವ. ಈಗ ಬೇರೆಯವರನ್ನ ಎಲ್ಲಿಂದ ತರ್ಲಿ? ಹೊಗೆಸೊಪ್ಪಿನ ಹರಾಜು ಮುಗಿಸ್ಕೊಂಡು ಜನ ಆಗ್ಲೇ ಬಂದ್ಬುಟ್ಟವ್ರೆ."

ಕಣ್ಣು ತುಂಬಿತು, ನಿಜ. ಆದರೆ ಕಮಾನನ್ನು ಪೆಟ್ಟಿಗೆಯಲ್ಲಿಡಲು ಮನಸ್ಸು ಒಪ್ಪಲಿಲ್ಲ. "ಹಾಡುಗಾರಿಕೆ ಬೇಡ ನಂಜಣ್ಣ, ಪೂರ್ತಿ ಕಛೇರಿ ನಾವೇ ನುಡಿಸ್ತೀವಿ" ಎಂದೆ.

ಹೊಗೆಸೊಪ್ಪು ಬೆಳೆಯುವ ಮನೆಯ ಹುಡುಗಿ ಸೌಂದರ್ಯ ಬೆವೆತುಬಿಟ್ಟಳು. "ಮಿಸ್, ನಮ್ಗೆ ಸರಿಯಾಗಿ ಬರೋದೇ ನಾಕು ಕೃತಿ!"

"ನಾಲ್ಕನ್ನೇ ನುಡಿಸೋಣ. ನನ್ನ ಕೈ ನೋಡ್ತಿರಿ, ಜನರನ್ನಲ್ಲ."

ಮೃದಂಗದ ವೀರಭದ್ರಸ್ವಾಮಿ ಆ ವಿದ್ವಾಂಸರ ಜೊತೆ ಬಂದವರು. ಅವರೇ ಎದ್ದು ಬಂದು, "ನೀವು ತಾಳ ತೋರ್ಸಿ ಅಮ್ಮ, ನಾನಿದ್ದೀನಿ" ಎಂದು ಮಕ್ಕಳ ನಡುವೆ ಕೂತರು.

ಹುಡುಗಿಯರ ಕಡೆ ಮುಖ ಮಾಡಿ ನಿಂತೆ. ಯಾರೋ ಹಿಂದಿನಿಂದ, "ಪಿಟೀಲಮ್ಮ ಯಾಕ್ಲಾ ನಮ್ಗೆ ಬೆನ್ನು ಮಾಡ್ಕೊಂಡು ನಿಂತವ್ರೆ?" ಎಂದದ್ದು ಕೇಳಿ ಮಕ್ಕಳು ಕಿಸಕ್ಕನೆ ನಕ್ಕರು. ಹೆದರಿಕೆಯೂ ಹೋಯಿತು. ಮೊದಲನೆಯದು ಮೋಹನ ರಾಗದ ಕೃತಿ, ಸಲೀಸಾಗಿ ಸಾಗಿತು. ಎರಡನೆಯ ಕೃತಿಯಲ್ಲಿ ಸೌಂದರ್ಯಳ ಪಿಟೀಲಿನ ತಂತಿ ಕಿತ್ತುಹೋಗಿ ಎಲ್ಲರೂ ತಡವರಿಸಿದರು. ಅವಳು ಹೊಸದು ಕಟ್ಟುವವರೆಗೆ ನಾನೇ ಪಿಟೀಲು ತೆಗೆದುಕೊಂಡು ಕೂತು ಭೈರವಿಯ ಆಲಾಪನೆ ಹಿಡಿದೆ. ಶಾಂತಲಾ, ಇಷ್ಟು ವರ್ಷ ಇನ್ನೊಬ್ಬರ ದನಿಯ ಹಿಂದೆಯೇ ನಡೆದಿದ್ದೆ. ಅಂದು ಎಲ್ಲಿಗೆ ಹೋಗಬೇಕೆಂದು ನಾನೇ ಗೊತ್ತುಮಾಡಿದೆ. ಜನ ಕದಲಲಿಲ್ಲ.

ಇನ್ನು ನನ್ನನ್ನೂ ಕರೆಯಿರಿ ಎಂದು ಯಾರ ಬಾಗಿಲಿಗೂ ಹೋಗುವುದಿಲ್ಲ. ಸಂಕ್ರಾಂತಿಗೆ ಕೆ.ಆರ್. ನಗರದಲ್ಲಿ ನಮ್ಮ ವಾದ್ಯವೃಂದದ್ದೇ ಕಛೇರಿ, ಒಪ್ಪಿಕೊಂಡಿದ್ದೇನೆ. ನೀನು ಬರಲೇಬೇಕು. ರಮ್ಯಾಳಿಗೆ ಸಂಗೀತ ಒಲಿಯಲಿ, ನಿನ್ನ ಮನೆ ತಣ್ಣಗಿರಲಿ.

ನಿನ್ನ,
ಸರ್ವಮಂಗಳ

ತಾ.ಕ.: ಮೇಲೆ ಆ ವಿದ್ವಾಂಸರ ಹೆಸರು ಬರೆಯಲು ಕೈ ಏಳಲಿಲ್ಲ. ಅವರು ನಿನ್ನ ತಂದೆ ಕಣೇ, ನನ್ನ ಕೈಗೆ ಮೊದಲು ಕಮಾನು ಕೊಟ್ಟ ನಮ್ಮ ಗುರುಗಳು. ಪಿಟೀಲು ನನ್ನದೇ ಎಂದು ತಿಳಿದ ಮೇಲೂ ಬೇಡವೆಂದರು. ಆದರೂ ಎದ್ದು ಹೋಗಲಿಲ್ಲ, ಮುಂದಿನ ಸಾಲಿನಲ್ಲಿ ಕೂತು ಕೊನೆಯವರೆಗೂ ಕೇಳಿದರು. ಮುಗಿದ ಮೇಲೆ ಪ್ರತಿಯೊಬ್ಬ ಹುಡುಗಿಯ ತಲೆಯ ಮೇಲೂ ಕೈಯಿಟ್ಟು ಹರಸಿದರು. ನಾನು ಬಗ್ಗಿ ಕಾಲು ಮುಟ್ಟುವಷ್ಟರಲ್ಲಿ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟರು.