ದುರ್ಗಿ ‘ಸದ್ದಲೇ’ ಅಂದಾಗ

ರೀ,

ಲಾರಿ ಇಳಿದು ಬಂದು ಈಗಷ್ಟ ಮಲಗೀರಿ, ಎಬ್ಬಿಸೋಕ ಮನಸ್ಸು ಬರಲಿಲ್ಲ. ನಾನು ಆಸ್ಪತ್ರಿ ಡ್ಯೂಟಿಗೆ ಹೊಂಟೀನಿ.

ಎದ್ದ ಮ್ಯಾಲೆ ಮಗಳು ದುರ್ಗಿನ್ನ ಕೋಗಳಿಗೆ ಕರ್ಕೊಂಡು ಹೋಗ್ರಿ, ಹಳೇ ಬಸದಿ ನೋಡ್ಲಿ. ಬೈಕು ಬ್ಯಾಡ, ಬಸ್ಸಿಗೆ ಹೋಗ್ರಿ, ನಿಮ್ಮ ಕಣ್ಣಾಗ ಇನ್ನೂ ನಿದ್ದಿ ಐತಿ. ಮಂಡಕ್ಕಿ ಒಗ್ಗರಣಿ ಡಬ್ಬ್ಯಾಗ ಹಾಕಿಟ್ಟೀನಿ. ಮಿರ್ಚಿ ನಿಮಗಷ್ಟ. ಆಕಿಗೆ ಟೋಪಿ ಹಾಕ್ರಿ. ಕಿತ್ತು ಒಗೀತಾಳ, ಮತ್ತ ಹಾಕ್ರಿ.

ಒಂದು ಮಾತು ಮಾತ್ರ ಮರೀಬ್ಯಾಡ್ರಿ. ನೀವಿಲ್ಲದಾಗ ದುರ್ಗಿನ್ನ ಮೈಲಾರ ಜಾತ್ರಿಗೆ ಕರ್ಕೊಂಡು ಹೋಗಿದ್ದೆ. ಗೊರವಯ್ಯ ಎತ್ತರದ ಬಿಲ್ಲು ಏರಿ, ‘ಸದ್ದಲೇ’ ಅಂತ ಜನರನ್ನ ಸುಮ್ಮನಾಗಿಸಿ, ಮುಂದ ಆಗೋದರ ಕಾರ್ಣಿಕ ನುಡಿದು ಹಿಂದಕ್ಕ ಬಿದ್ದದ್ದು, ಕೆಳಗ ಜನ ಹಿಡಿದದ್ದು, ಎಲ್ಲಾ ನನ್ನ ಹೆಗಲ ಮ್ಯಾಲೆ ಕುಂತು ನೋಡ್ಯಾಳ. ಅವತ್ತಿನಿಂದ ಮಂಚ, ಕಟ್ಟಿ, ಜಾರುಬಂಡಿ ಎಲ್ಲಾ ಆಕಿಗೆ ಬಿಲ್ಲು. ಏರಿ ‘ಸದ್ದಲೇ!’ ಅಂತ ಕೂಗಿ, ಒಂದು ಮಾತು ನುಡಿದು, ಕಣ್ಣು ಮುಚ್ಚಿ ಹಿಂದಕ್ಕ ಬೀಳ್ತಾಳ. ಹಿಡಿಯೋರು ಅದಾರೋ ಇಲ್ಲೋ ತಿರುಗಿ ನೋಡಂಗಿಲ್ಲ. ‘ಹೆಣ್ಣು ಹುಡುಗಿ ಗೊರವಯ್ಯ ಆಗ್ತಾಳೇನ?’ ಅಂತ ಅತ್ತಿ ಬೈತಾರ. ಬೈಕೋತ ಬೈಕೋತ ಹಿಡಿಯೋಕ ಸೆರಗು ಒಡ್ಡಿ ನಿಂದರ್ತಾರ.

ಅದಕ್ಕ ಹೇಳ್ತೀನಿ, ‘ಸದ್ದಲೇ’ ಅಂದದ್ದು ಕಿವಿಗೆ ಬಿದ್ದ ಕೂಡಲೆ ಆ ಸುಡುಗಾಡು ಮೊಬೈಲು ಕಿಸೇದಾಗ ಇಟ್ಟು ಎರಡೂ ಕೈ ಚಾಚ್ರಿ.

ನಿನ್ನಿ ಸಂಜಿಮುಂದ ಮಂಚ ಏರಿ ಏನು ನುಡಿದ್ಲು ಗೊತ್ತೇನ್ರಿ? ‘ಅಪ್ಪ ಬಂದಾನಲೇ ಪರಾಕ್!’

ನೀವು ಬರ್ತೀರಿ ಅಂತ ಆಗಿನ್ನೂ ನನಗ ಗೊತ್ತಿರಲಿಲ್ಲ.